ಹಿತ್ತಿಲ ಮಾತು: ಯುಗಾದಿ ಹೊತ್ತಲ್ಲಿ ಹೈಡ್ರಾಂಜಿಯ ಕಿತ್ತು ನೆಟ್ಟರೆ ಹೂ ಬಿಡುತ್ತದಾ?

ಪ್ರಶ್ನೆ: ನಮಸ್ತೆ ಮೇಡಂ. ನಮ್ಮದು ಮೂಡಿಗೆರೆ ಹತ್ತಿರ ತೋಟದ ಮನೆ. ಅಂಗಳದ ಮೂಲೆಯಲ್ಲಿ ನಮ್ಮ ಅತ್ತೆ ನೆಟ್ಟ ಹೈಡ್ರಾಂಜಿಯ ಇದೆ. ಹನ್ನೆರಡು ವರ್ಷದ ಗಿಡ, ನನ್ನ ಎದೆಮಟ್ಟ ಬೆಳೆದಿದೆ. ಪ್ರತಿ ವರ್ಷ ಮೇ ತಿಂಗಳಿಂದ ಮಳೆ ಜೋರಾಗುವ ತನಕ ನೀಲಿ ಹೂ ತುಂಬಿರುತ್ತದೆ. ಈಗ ಅದೇ ಜಾಗಕ್ಕೆ ಒಂದು ರೂಮು ಕಟ್ಟಿಸುತ್ತಿದ್ದೇವೆ, ಏಪ್ರಿಲ್ ಮೊದಲ ವಾರ ಪಾಯ ತೆಗೆಯುತ್ತಾರೆ. ವಸಂತ ಕಾಲದಲ್ಲಿ ಗಿಡ ಬದಲಿಸಬಹುದು ಅಂತ ಮೊಬೈಲಿನಲ್ಲಿ ನೋಡಿದೆ. ಅತ್ತೆ ಹೋಗಿ ಎರಡು ವರ್ಷ ಆಯಿತು, ಗಿಡಕ್ಕೆ ಏನಾದರೂ ಆದರೆ ನಮ್ಮನೆಯವರಿಗೆ ತುಂಬ ಬೇಜಾರಾಗುತ್ತದೆ. ಕಿತ್ತು ಬೇರೆ ಕಡೆ ನೆಟ್ಟರೆ ಬದುಕುತ್ತದಾ? ಈ ವರ್ಷ ಹೂ ಬಿಡುತ್ತದಾ? ಎತ್ತರ ಜಾಸ್ತಿ ಇದೆ ಅಂತ ಅರ್ಧ ಕತ್ತರಿಸಿ ನೆಡಲಾ?

ಉತ್ತರ: ಮೊದಲು ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ. ಕತ್ತರಿಸಬೇಡಿ. ಒಂದು ಕೊಂಬೆಯ ತುದಿಯನ್ನೂ ಮುಟ್ಟಬೇಡಿ. ಗಿಡ ಬದುಕುತ್ತದೆ, ಅದರ ಬಗ್ಗೆ ನನಗೆ ಅಷ್ಟು ಭಯ ಇಲ್ಲ, ಹೈಡ್ರಾಂಜಿಯ ಗಟ್ಟಿ ಜೀವ. ಹೂವು ಬೇಕು ಅಂದರೆ ಮಾತ್ರ ಆ ತುದಿಗಳನ್ನು ಕಾಪಾಡಬೇಕು.

ಇಷ್ಟು ಖಂಡಿತವಾಗಿ ಹೇಳುವುದಕ್ಕೆ ಕಾರಣ, ಈ ತಪ್ಪನ್ನು ನಾನೇ ಮಾಡಿದ್ದೇನೆ. ಕೆಲವು ವರ್ಷದ ಹಿಂದೆ ಮನೆ ಮುಂದೆ ಜೀಪು ತಿರುಗಿಸಲು ಜಾಗ ಸಾಲದೆ, ಶಿವರಾತ್ರಿ ಕಳೆದ ಮೇಲೆ ಒಂದು ಹೈಡ್ರಾಂಜಿಯವನ್ನು ಕಿತ್ತು ಬಾವಿ ಹತ್ತಿರ ನೆಟ್ಟೆ. ಎಲೆ ಕಮ್ಮಿ ಇದ್ದರೆ ಗಿಡಕ್ಕೆ ನೀರೂ ಕಮ್ಮಿ ಸಾಕು ಅಂತ ಎಲ್ಲೋ ಓದಿದ್ದೆ, ಹಾಗಾಗಿ ಮೊಣಕಾಲುದ್ದ ಬಿಟ್ಟು ಮಿಕ್ಕಿದ್ದನ್ನೆಲ್ಲ ಸವರಿಬಿಟ್ಟೆ. ಗಿಡ ಚೆನ್ನಾಗಿಯೇ ಚಿಗುರಿತು. ಮಳೆಗಾಲದಲ್ಲಿ ಅಂಗೈ ಅಗಲದ ಎಲೆ ಬಂತು. ಹೂ ಮಾತ್ರ ಒಂದೂ ಬರಲಿಲ್ಲ. ಗೊಬ್ಬರ ಸಾಲಲಿಲ್ಲವೇನೋ ಅಂತ ಎರಡು ಬುಟ್ಟಿ ಕೊಟ್ಟಿಗೆ ಗೊಬ್ಬರ ಹಾಕಿದೆ. ಡಿಸೆಂಬರಿನಲ್ಲಿ ಅಡ್ಡಾದಿಡ್ಡಿ ಬೆಳೆದಿದೆ ಅಂತ ಮತ್ತೆ ತುದಿ ಸಮ ಮಾಡಿದೆ. ಮರುವರ್ಷವೂ ಹೂವಿಲ್ಲ.

ಕಾರಣ ತೋರಿಸಿದ್ದು ನಮ್ಮ ತೋಟದ ಕೆಲಸಕ್ಕೆ ಬರುವ ಒಬ್ಬ ಅಕ್ಕ. ಅದು ಜನವರಿ ತಿಂಗಳು. ಬೇಲಿ ಪಕ್ಕ ಯಾರೂ ಮುಟ್ಟದೆ ಉಳಿದಿದ್ದ ಇನ್ನೊಂದು ಗಿಡದ ಕೊಂಬೆ ಬಗ್ಗಿಸಿ, ತುದಿಯ ದಪ್ಪ ಸುಳಿ ಒಂದನ್ನು ಚಿವುಟಿ, ಹೆಬ್ಬೆರಳ ಉಗುರಿನಿಂದ ಉದ್ದಕ್ಕೆ ಸೀಳಿದರು. ಹೊರಗಿನ ಜೋಡಿ ಎಲೆ ಬಿಡಿಸಿದರೆ ಒಳಗೆ ಇನ್ನೊಂದು ಜೋಡಿ, ಅದರೊಳಗೆ ಮತ್ತೊಂದು ಜೋಡಿ, ಎಲ್ಲಕ್ಕಿಂತ ಒಳಗೆ ಸಾಸಿವೆಗಿಂತ ಸಣ್ಣ ಹಸಿರು ಕಾಳುಗಳ ಒಂದು ಗುಂಪು. ಥೇಟ್ ಹೂಕೋಸಿನ ಚೂರಿನ ಹಾಗೆ ಇತ್ತು. 'ನೋಡಿ, ಹೂ ಆಗಲೇ ಇಲ್ಲಿ ಕೂತಿದೆ, ನೀವು ಪ್ರತಿ ಸಲ ಇದನ್ನೇ ಕಡಿದು ಹಾಕ್ತಿದ್ದೀರಿ' ಅಂದರು. ಅರಳುವುದಕ್ಕೆ ಇನ್ನೂ ನಾಲ್ಕು ತಿಂಗಳಿತ್ತು.

ನಮ್ಮ ಕಡೆ ಅಂಗಳಗಳಲ್ಲಿ ಇರುವುದು ಬಹುಪಾಲು ಚೆಂಡಿನಂಥ ಹೂವಿನ ಮ್ಯಾಕ್ರೊಫಿಲ್ಲ ಜಾತಿ. ಮಳೆಗಾಲದಲ್ಲಿ ಬೆಳೆದ ಕೊಂಬೆಯ ತುದಿಯಲ್ಲಿ, ದೀಪಾವಳಿ ಹೊತ್ತಿಗೆ ಚಳಿ ಬೀಳಲು ಶುರುವಾದ ಮೇಲೆ, ಮುಂದಿನ ವರ್ಷದ ಮೊಗ್ಗು ಕೂರುತ್ತದೆ. ಅದಕ್ಕೆ ಸುಮಾರು 18 ಡಿಗ್ರಿಗಿಂತ ತಣ್ಣಗಿರುವ ರಾತ್ರಿಗಳು ಆರೇಳು ವಾರ ಬೇಕು. ಮೂಡಿಗೆರೆ, ಸಕಲೇಶಪುರದ ಚಳಿಗಾಲ ಇದಕ್ಕೆ ಸರಿಯಾಗಿ ಹೊಂದುತ್ತದೆ. ಇಲ್ಲಿಂದ ಘಟ್ಟದ ಕೆಳಗೆ ಒಯ್ದ ಗಿಡ ಎರಡನೇ ವರ್ಷದಿಂದ ಬರೀ ಎಲೆ ಬಿಡುವುದೂ ಇದೇ ಕಾರಣಕ್ಕೆ. ಹೊಸ ಚಿಗುರಿನಲ್ಲೂ ಹೂ ಬಿಡುವ ತಳಿಗಳು ಈಗ ಬಂದಿವೆ, ಎಂಡ್‌ಲೆಸ್ ಸಮ್ಮರ್ ಅನ್ನುವುದು 2004ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. ಆದರೆ ನಿಮ್ಮದು ಹನ್ನೆರಡು ವರ್ಷದ ಹಳೇ ಅಂಗಳದ ಗಿಡ, ಹಳೇ ಕೊಂಬೆಯಲ್ಲಿ ಬಿಡುವ ಜಾತಿಯೇ ಇರಬೇಕು ಅಂತ ಇಟ್ಟುಕೊಂಡು ನಡೆಯಿರಿ.

ಅಂದರೆ ಈ ಮೇ ತಿಂಗಳ ಹೂವು ನಿಮ್ಮ ಗಿಡದ ತುದಿಗಳಲ್ಲಿ ಈಗಾಗಲೇ ಇದೆ. ಜಾಗ ಬದಲಿಸಿದ್ದಕ್ಕೆ ಅದು ಮಾಯವಾಗುವುದಿಲ್ಲ. ನೀರು ಸಿಗದೆ ತುದಿ ಒಣಗಿದರೆ, ಇಲ್ಲವೇ ನಾವೇ ಕತ್ತರಿಸಿದರೆ ಹೋಗುತ್ತದೆ.

ಈಗ ವಸಂತದ ವಿಷಯಕ್ಕೆ ಬರೋಣ. ನೀವು ಮೊಬೈಲಿನಲ್ಲಿ ನೋಡಿದ್ದು ಸುಳ್ಳಲ್ಲ, ಆದರೆ ಅದು ಹಿಮ ಬೀಳುವ ದೇಶದವರ ಮಾತು. ಅಲ್ಲಿ ಚಳಿಗಾಲ ಪೂರ್ತಿ ಗಿಡ ಬೋಳಾಗಿ ನಿದ್ದೆಯಲ್ಲಿರುತ್ತದೆ. ಮಾರ್ಚಿನಲ್ಲಿ ಹಿಮ ಕರಗಿ ಮಣ್ಣು ಸಡಿಲ ಆಗುತ್ತದೆ, ಮುಂದೆ ಎರಡು ತಿಂಗಳು ತಂಪು ಗಾಳಿ, ಜಿನುಗು ಮಳೆ. ಎಲೆ ಬರುವ ಮೊದಲೇ ಕಿತ್ತು ನೆಟ್ಟರೆ ಬೇರು ಊರಲು ಪುರುಸೊತ್ತು ಸಿಗುತ್ತದೆ. ನಮ್ಮ ವಸಂತ ಹಾಗಿಲ್ಲ ಅಲ್ವಾ? ಯುಗಾದಿ ಬರುವಷ್ಟರಲ್ಲಿ ಹೈಡ್ರಾಂಜಿಯ ಹೊಸ ಎಲೆ ಬಿಟ್ಟುಕೊಂಡು ಕೊಡಗಟ್ಟಲೆ ನೀರು ಕೇಳುತ್ತಿರುತ್ತದೆ, ಮಧ್ಯಾಹ್ನದ ಬಿಸಿಲು ಸುಡುತ್ತದೆ, ಮಣ್ಣು ಬಿರುಕು ಬಿಟ್ಟಿರುತ್ತದೆ. ಕಾಫಿ ಗಿಡವನ್ನು ಮಾರ್ಚಿನಲ್ಲಿ ಯಾರಾದರೂ ನೆಡುತ್ತಾರಾ? ಜೂನಿನಲ್ಲಿ ಮಳೆ ಹಿಡಿದ ಮೇಲೆ ನೆಡುತ್ತೇವೆ, ಇಲ್ಲವೇ ಜೋರು ಮಳೆ ತಗ್ಗಿದ ಮೇಲೆ ಸೆಪ್ಟೆಂಬರಿನಲ್ಲಿ. ಹೈಡ್ರಾಂಜಿಯಕ್ಕೂ ನಮ್ಮ ಕಡೆ ಅದೇ ಕಾಲ. ಇದರ ತವರು ಜಪಾನಿನಲ್ಲಿ ಇದಕ್ಕೆ ಅಜಿಸಾಯ್ ಅನ್ನುತ್ತಾರೆ. ಅಲ್ಲೂ ಇದು ಜೂನ್ ಮಳೆಗಾಲದ ಹೂವು, ಕಾಮಾಕುರ ಊರಿನ ಮೇಗೆತ್ಸುಯಿನ್ ದೇವಸ್ಥಾನಕ್ಕೆ ಮಳೆಯಲ್ಲೇ ಜನ ಇದನ್ನು ನೋಡಲು ಹೋಗುತ್ತಾರೆ. ಮಳೆಯ ಗಿಡವನ್ನು ಮಳೆಯಲ್ಲಿ ಮುಟ್ಟುವುದು ಒಳ್ಳೆಯದು.

ಹಾಗಾಗಿ ಮೊದಲು ಮೇಸ್ತ್ರಿ ಹತ್ತಿರ ಒಂದು ಮಾತು ಕೇಳಿ ನೋಡಿ, ಆ ಮೂಲೆಯ ಪಾಯ ಕೊನೆಗೆ ತೆಗೆಯಲು ಆಗುತ್ತದಾ ಅಂತ. ಮೃಗಶಿರಾ ಮಳೆ ತನಕ ಕಾಯಲು ಆದರೆ ಅದೇ ಎಲ್ಲಕ್ಕಿಂತ ಒಳ್ಳೆಯದು. ಆಗುವುದಿಲ್ಲ ಅಂದರೆ ಗಾಬರಿ ಬೇಡ. ಹೂ ಮಳೆಗೆ, ಅಂದರೆ ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಮೊದಲ ಮಳೆಗೆ ಕಾಯಿರಿ. ಕಾಫಿಗೆ ಹೂ ಮಳೆ ಬಿದ್ದ ಮರುದಿನ ಸಂಜೆ ನಿಮಗೆ ಇದಕ್ಕಿಂತ ಒಳ್ಳೆ ಮುಹೂರ್ತ ಸಿಗುವುದಿಲ್ಲ, ಮಣ್ಣು ಮೆತ್ತಗಿರುತ್ತದೆ, ಗಾಳಿಯೂ ತಂಪು. ಮಾರ್ಚ್ 20ರ ತನಕ ಮಳೆ ಬರದಿದ್ದರೆ ಇನ್ನು ಕಾಯಬೇಡಿ, ನೀರು ಹೊತ್ತು ಹಾಕಿಯೇ ಮಾಡಿ.

ಹೊಸ ಜಾಗ ಮೊದಲು ಗೊತ್ತುಮಾಡಿ. ಬೆಳಗಿನ ಬಿಸಿಲು ಹತ್ತು ಹನ್ನೊಂದು ಗಂಟೆ ತನಕ ಬಿದ್ದು ಆಮೇಲೆ ನೆರಳಾಗುವ ಕಡೆ, ಮನೆಯ ಪೂರ್ವದ ಗೋಡೆ ಪಕ್ಕ ಆದರೆ ಚೆಂದ. ಸಿಲ್ವರ್ ಓಕ್ ಬುಡದಲ್ಲಿ ಬೇಡ, ಅದರ ಬೇರು ಇದಕ್ಕೆ ಏನೂ ಬಿಡುವುದಿಲ್ಲ. ಹೆಂಚಿನ ಸೂರಿನ ನೀರು ಧುಮ್ಮಿಕ್ಕುವ ಗೆರೆಯಲ್ಲೂ ಬೇಡ. ಆಷಾಢದಲ್ಲಿ ಆ ನೀರು ಬುಡದ ಮಣ್ಣನ್ನೆಲ್ಲ ಕೊರೆದು ಬೇರು ಬತ್ತಲೆ ಮಾಡುತ್ತದೆ, ಇಲ್ಲವೇ ಬುಡದಲ್ಲಿ ನಿಂತು ಕೊಳೆಸುತ್ತದೆ. ಗೋಡೆಯಿಂದ ಮೂರು ನಾಲ್ಕು ಅಡಿ ಈಚೆ ಇರಲಿ. ಇನ್ನೊಂದು ವಿಷಯ, ಕಟ್ಟಡ ಕೆಲಸ ನಡೆಯುವಾಗ ಸಿಮೆಂಟ್ ಕಲಸುವ ಜಾಗದಿಂದ ದೂರ ಇರಲಿ. ಬಾಂಡ್ಲಿ ತೊಳೆದ ನೀರು ಬುಡಕ್ಕೆ ಹರಿದರೆ ನಿಮ್ಮ ಅತ್ತೆಯ ನೀಲಿ ಹೂ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಯಾಕೆ ಅಂತ ಮುಂದಿನ ಪತ್ರದಲ್ಲಿ ಹೇಳಿದ್ದೇನೆ.

ಗುಂಡಿ ತೆಗೆದು ಸಿದ್ಧ ಮಾಡಿಟ್ಟುಕೊಂಡ ಮೇಲೆಯೇ ಗಿಡಕ್ಕೆ ಕೈ ಹಾಕಿ. ಹಿಂದಿನ ದಿನ ಸಂಜೆ ಬುಡಕ್ಕೆ ನಾಲ್ಕೈದು ಕೊಡ ನೀರು ನಿಧಾನವಾಗಿ ಹೊಯ್ಯಿರಿ, ಒಣ ಮಣ್ಣು ಬೇರಿನಿಂದ ಉದುರಿ ಹೋಗುತ್ತದೆ, ಒದ್ದೆ ಮಣ್ಣು ಹಿಡಿದುಕೊಳ್ಳುತ್ತದೆ. ಕೊಂಬೆಗಳನ್ನು ಹಳೇ ಸೀರೆಯಿಂದ ಸಡಿಲವಾಗಿ ಸುತ್ತಿ ಕಟ್ಟಿ, ಆಗ ತುದಿ ಮುರಿಯುವುದಿಲ್ಲ. ಹೈಡ್ರಾಂಜಿಯದ ಬೇರು ಆಳಕ್ಕೆ ಇಳಿಯುವುದಿಲ್ಲ, ನೂಲಿನಂಥ ಬೇರುಗಳು ಮೇಲುಮಣ್ಣಿನಲ್ಲೇ ಚಾಪೆಯ ಹಾಗೆ ಹರಡಿರುತ್ತವೆ. ಅದಕ್ಕೇ ಆಳಕ್ಕಿಂತ ಅಗಲ ಮುಖ್ಯ. ಎದೆಮಟ್ಟದ ಗಿಡ ಅಂದಿರಿ, ಬುಡದ ಕೊಂಬೆಗಳ ಗುಂಪಿನಿಂದ ಸುತ್ತಲೂ ಒಂದೂಕಾಲು ಅಡಿ ಬಿಟ್ಟು ಗೆರೆ ಹಾಕಿ, ಆ ಗೆರೆಯಲ್ಲಿ ಸನಿಕೆಯನ್ನು ನೇರವಾಗಿ ಇಳಿಸಿ, ಒಂದು ಅಡಿಗಿಂತ ಸ್ವಲ್ಪ ಜಾಸ್ತಿ ಆಳ. ಹಾರೆ ಹಾಕಿ ಮೀಟಬೇಡಿ, ಬೇರು ಕಿತ್ತು ಬರುತ್ತದೆ. ಒಂದು ಕಡೆಯಿಂದ ಅಡಿಗೆ ಗೋಣಿತಾಟು ತೂರಿಸಿ, ಗಿಡ ವಾಲಿಸಿ ಆ ಕಡೆ ಎಳೆದುಕೊಳ್ಳಿ. ಬೇರು ಹಿಡಿದುಕೊಂಡ ಮಣ್ಣಿನ ಹೆಂಟೆ ಭಾರ ಇರುತ್ತದೆ, ಮೂರು ಜನ ಬೇಕು. ಕೊಂಬೆ ಹಿಡಿದು ಎತ್ತಲು ಯಾರಿಗೂ ಬಿಡಬೇಡಿ, ಗೋಣಿತಾಟಿನ ತುದಿ ಹಿಡಿದೇ ಎತ್ತಬೇಕು.

ಹೊಸ ಗುಂಡಿಯಲ್ಲಿ ಮೊದಲು ಎಷ್ಟು ಆಳ ಇತ್ತೋ ಅಷ್ಟೇ ಇರಲಿ, ಕಾಂಡ ಮುಚ್ಚುವಂತೆ ಮಣ್ಣು ಏರಿಸಬೇಡಿ. ತೆಗೆದ ಮಣ್ಣಿಗೆ ತೋಟದ ಕೊಳೆತ ದರಗು, ಅಂದರೆ ಉದುರಿದ ಒಣ ಎಲೆ ಬೆರೆಸಿ ಸುತ್ತ ತುಂಬಿ. ಅರ್ಧ ತುಂಬಿದಾಗ ಒಂದು ಸಲ ನೀರು ಹಾಕಿದರೆ ಒಳಗಿನ ಪೊಳ್ಳು ಮುಚ್ಚಿಕೊಳ್ಳುತ್ತದೆ. ಗೊಬ್ಬರ ಈಗ ಬೇಡ, ಹಸಿ ಸಗಣಿಯಂತೂ ಬೇಡವೇ ಬೇಡ. ಮಳೆಗಾಲ ಹಿಡಿಯುವ ತನಕ ಬೇರು ತನ್ನ ಪಾಡಿಗೆ ಹರಡಿಕೊಳ್ಳಲಿ.

ಆಮೇಲಿನ ಎರಡು ತಿಂಗಳೇ ನಿಜವಾದ ಕೆಲಸ. ಸುತ್ತ ಪಾತಿ ಮಾಡಿ ಮೂರು ನಾಲ್ಕು ಇಂಚು ದರಗು ಮುಚ್ಚಿ, ಕಾಂಡಕ್ಕೆ ತಾಗದ ಹಾಗೆ. ಗೆದ್ದಲು ಹತ್ತಿದೆಯಾ ಅಂತ ವಾರಕ್ಕೊಮ್ಮೆ ದರಗು ಎತ್ತಿ ನೋಡಿ. ನಾಲ್ಕು ಗೂಟ ನೆಟ್ಟು ಮೇಲೆ ಹಸಿರು ನೆಟ್ ಅಥವಾ ಸೊಪ್ಪಿನ ಚಪ್ಪರ ಹಾಕಿ. ಮೊದಲ ವಾರ ದಿನಾ ನೀರು, ಆಮೇಲೆ ಬೆರಳು ಮಣ್ಣಿಗೆ ಇಳಿಸಿ ಎರಡು ಇಂಚು ಕೆಳಗೆ ಒಣಗಿದ್ದರೆ ನೀರು. ಮಧ್ಯಾಹ್ನ ಎಲೆಗಳೆಲ್ಲ ಸೋತು ನೇತಾಡುತ್ತವೆ. ನೋಡಿ ಹೆದರಬೇಡಿ, ಇನ್ನೊಂದು ಕೊಡ ಸುರಿಯಲೂ ಹೋಗಬೇಡಿ. ಸೂರ್ಯ ಮುಳುಗಿದ ಮೇಲೆ ಮತ್ತೆ ನೋಡಿ. ಎಲೆ ಎದ್ದು ನಿಂತಿದ್ದರೆ ಬೇರು ಕೆಲಸ ಮಾಡುತ್ತಿದೆ ಅಂತ ಅರ್ಥ. ಬೆಳಗ್ಗೆ ಆರು ಗಂಟೆಗೂ ನೇತಾಡುತ್ತಿದ್ದರೆ ಮಾತ್ರ ಯೋಚನೆ ಮಾಡಿ, ನೆರಳು ಜಾಸ್ತಿ ಮಾಡಿ, ಕೆಳಗಿನ ದೊಡ್ಡ ಎಲೆಗಳನ್ನು ಅರ್ಧರ್ಧ ಕತ್ತರಿಸಿ. ಎಲೆ ಕತ್ತರಿಸಬಹುದು, ತುದಿಯನ್ನಲ್ಲ.

ಹೂವು? ನನ್ನ ಅಂದಾಜು ಹೇಳುತ್ತೇನೆ. ಹೆಂಟೆ ಒಡೆಯದೆ ಬಂದು, ತುದಿ ಒಣಗದೆ ಉಳಿದರೆ ಈ ವರ್ಷವೂ ಹೂ ಬರುತ್ತದೆ. ಕಮ್ಮಿ ಬರುತ್ತದೆ, ಚೆಂಡು ಸಣ್ಣದಿರುತ್ತದೆ. ಕೆಲವು ಮೊಗ್ಗು ಕಾಳಿನಷ್ಟಾಗಿ ಉದುರಲೂಬಹುದು, ಬೇರು ಕಳೆದುಕೊಂಡ ಗಿಡ ಭಾರ ಇಳಿಸಿಕೊಳ್ಳುತ್ತದೆ. ಬಂದ ಹೂಗಳಲ್ಲಿ ನಾಲ್ಕೈದು ಉಳಿಸಿಕೊಂಡು ಮಿಕ್ಕಿದ್ದನ್ನು ಅರಳಿದ ಕೂಡಲೇ, ಹೂವಿನ ಕೆಳಗಿನ ಮೊದಲ ಜೋಡಿ ಎಲೆಯ ಮೇಲೆ ಕತ್ತರಿಸಿ ಮನೆಯೊಳಗೆ ನೀರಿನಲ್ಲಿ ಇಡಿ, ಗಿಡಕ್ಕೆ ಉಸಿರಾಡಲು ಆಗುತ್ತದೆ. ಮಳೆಗಾಲದಲ್ಲಿ ಚೆನ್ನಾಗಿ ಕೊಂಬೆ ಒಡೆದರೆ ಮುಂದಿನ ವರ್ಷ ಮೊದಲಿನ ಹಾಗೇ ತುಂಬುತ್ತದೆ. ಎತ್ತರ ತಗ್ಗಿಸಬೇಕು ಅಂತಿದ್ದರೆ ಅದಕ್ಕೆ ಕಾಲ ಹೂ ಮುಗಿದ ಕೂಡಲೇ, ಆಗಸ್ಟ್ ಒಳಗೆ. ಗಣೇಶನ ಹಬ್ಬ ಆದಮೇಲೆ ಕತ್ತಿ ಮುಟ್ಟಬೇಡಿ.

ಇನ್ನೊಂದು ಕೆಲಸ, ಇದನ್ನು ದಯವಿಟ್ಟು ಮರೆಯಬೇಡಿ. ಕೀಳುವ ಮೊದಲೇ ಅದೇ ಗಿಡದಿಂದ ಆರೇಳು ಕಡ್ಡಿ ತೆಗೆದಿಡಿ. ದಪ್ಪ ಸುಳಿ ಇಲ್ಲದ, ಚೂಪು ತುದಿಯ ಕೊಂಬೆ ನೋಡಿ ಆರಿಸಿ, ಅದರಲ್ಲಿ ಈ ವರ್ಷ ಹೂ ಇರುವುದಿಲ್ಲ. ಐದಾರು ಇಂಚು ಉದ್ದ, ಗೆಣ್ಣಿನ ಕೆಳಗೆ ಕತ್ತರಿಸಿ, ಮೇಲಿನ ಎರಡು ಎಲೆ ಅರ್ಧ ಮಾಡಿ, ಕೆಳಗಿನವನ್ನು ಕಿತ್ತು, ಮರಳು ಬೆರೆತ ಮಣ್ಣು ತುಂಬಿದ ನರ್ಸರಿ ಚೀಲದಲ್ಲಿ ಒಂದು ಗೆಣ್ಣು ಮುಳುಗುವಂತೆ ಚುಚ್ಚಿ. ಕಾಫಿ ನರ್ಸರಿ ಚಪ್ಪರದ ಕೆಳಗೆ ಇಟ್ಟರೆ ತಿಂಗಳಲ್ಲಿ ಬೇರು ಬಿಡುತ್ತದೆ. ನಿಮ್ಮ ಅತ್ತೆಯ ಗಿಡವೇ ಅದು, ಬೇರೆಯದಲ್ಲ. ದೊಡ್ಡ ಗಿಡಕ್ಕೆ ಏನೇ ಆದರೂ ಜೂನಿನಲ್ಲಿ ನಿಮ್ಮ ಕೈಯಲ್ಲಿ ಆರು ಗಿಡ ಇರುತ್ತವೆ, ಒಂದನ್ನು ಅತ್ತೆಯ ತವರಿಗೂ ಕೊಡಬಹುದು.

ಪ್ರಶ್ನೆ: ಸಕಲೇಶಪುರದ ತವರು ಮನೆಯಿಂದ ನೀಲಿ ಹೈಡ್ರಾಂಜಿಯ ತಂದು ಅರಸೀಕೆರೆಯಲ್ಲಿ ನೆಟ್ಟೆ. ಮೊದಲ ವರ್ಷ ನೀಲಿ, ಈಗ ಮಾಸಲು ಗುಲಾಬಿ. ಎಲೆಯೂ ಹಳದಿ, ನರ ಮಾತ್ರ ಹಸಿರು. ತುಕ್ಕು ಹಿಡಿದ ಮೊಳೆ ಹೂಳಿದೆ, ಕಾಫಿ ಚರಟ ಹಾಕಿದೆ. ಏನೂ ಆಗಲಿಲ್ಲ.

ಉತ್ತರ: ಗಿಡ ಅದೇ, ನೆಲ ಬೇರೆ. ಹೈಡ್ರಾಂಜಿಯಕ್ಕೆ ನೀಲಿ ಬರುವುದು ಅಲ್ಯೂಮಿನಿಯಂನಿಂದ. ಅದು ಎಲ್ಲ ಮಣ್ಣಿನಲ್ಲೂ ಇದೆ, ಆದರೆ ಮಣ್ಣು ಹುಳಿ ಇದ್ದರೆ ಮಾತ್ರ ಕರಗಿ ಬೇರಿಗೆ ಸಿಗುತ್ತದೆ. ಮಣ್ಣಿನ ಹುಳಿ ಅಳೆಯುವುದು ಪಿಎಚ್ ಲೆಕ್ಕದಲ್ಲಿ, ಅಂಕಿ ಕಮ್ಮಿ ಆದಷ್ಟೂ ಹುಳಿ ಜಾಸ್ತಿ. ಪಿಎಚ್ 5ರಿಂದ 5.5ರ ಒಳಗೆ ಒಳ್ಳೆ ನೀಲಿ, 6.5 ದಾಟಿದರೆ ಗುಲಾಬಿ, ನಡುವೆ ಇದ್ದರೆ ನೇರಳೆ. ಸಕಲೇಶಪುರದಲ್ಲಿ ಮಳೆ ಸುಣ್ಣದ ಅಂಶವನ್ನೆಲ್ಲ ತೊಳೆದುಕೊಂಡು ಹೋಗಿ ಮಣ್ಣು ಹುಳಿ ಇರುತ್ತದೆ, ಅದಕ್ಕೇ ಅಲ್ಲಿ ಕಾಫಿಗೆ ಸುಣ್ಣ ಹಾಕುವುದು. ನಿಮ್ಮದು ಬಯಲುಸೀಮೆ, ಅದರ ಮೇಲೆ ಬೋರ್‌ವೆಲ್‌ನ ಗಡಸು ನೀರು. ನೀವು ಹಾಕುವ ಪ್ರತಿ ಕೊಡದಲ್ಲೂ ಸ್ವಲ್ಪ ಸುಣ್ಣ ಹೋಗುತ್ತಿದೆ. ಎಲೆ ಹಳದಿ ಆಗಿರುವುದೂ ಇದಕ್ಕೇ, ಕಬ್ಬಿಣ ಮಣ್ಣಿನಲ್ಲಿದ್ದರೂ ಗಿಡಕ್ಕೆ ಎಟಕುತ್ತಿಲ್ಲ.

ತುಕ್ಕು ಮೊಳೆಯಿಂದ ನೀಲಿ ಬರುವುದಿಲ್ಲ, ಅದು ಕಬ್ಬಿಣ. ಕಾಫಿ ಚರಟ ಒಳ್ಳೆಯದೇ, ಆದರೆ ಡಿಕಾಕ್ಷನ್ ಇಳಿಸಿದ ಮೇಲೆ ಅದರ ಹುಳಿಯೆಲ್ಲ ಲೋಟಕ್ಕೆ ಬಂದಿರುತ್ತದೆ, ಮಣ್ಣು ಬದಲಾಗುವಷ್ಟು ಉಳಿದಿರುವುದಿಲ್ಲ.

ನಾನಾಗಿದ್ದರೆ ಅರಸೀಕೆರೆಯಲ್ಲಿ ಅದನ್ನು ನೆಲದಲ್ಲಿ ಇಟ್ಟು ಹೆಣಗುವುದಿಲ್ಲ. ಈ ಬೇಸಿಗೆ ದಾಟಲಿ, ಜೂನಿನಲ್ಲಿ ಒಂದೂವರೆ ಅಡಿ ಅಗಲದ ಕುಂಡಕ್ಕೆ ತೆಗೆಯಿರಿ. ತವರಿನಿಂದ ಎರಡು ಚೀಲ ತೋಟದ ಮಣ್ಣು, ದರಗಿನ ಗೊಬ್ಬರ ತರಿಸಿ, ಸುಣ್ಣ ಹಾಕದ ಜಾಗದ್ದು. ಮಳೆ ನೀರು ಡ್ರಮ್ಮಿನಲ್ಲಿ ಹಿಡಿದಿಟ್ಟು ಅದನ್ನೇ ಕೊಡಿ. ತಿಂಗಳಿಗೊಮ್ಮೆ 5 ಲೀಟರ್ ನೀರಿಗೆ ಒಂದು ಟೀ ಚಮಚ ಪಟಿಕದ ಪುಡಿ ಕರಗಿಸಿ, ಮಣ್ಣು ಮೊದಲೇ ಒದ್ದೆ ಇರುವಾಗ ಹಾಕಿ. ಪಟಿಕದಲ್ಲಿ ಅಲ್ಯೂಮಿನಿಯಂ ಇದೆ. ಬೇಗ ನೀಲಿ ಆಗಲಿ ಅಂತ ಜಾಸ್ತಿ ಹಾಕಿದರೆ ಬೇರು ಸುಡುತ್ತದೆ. ರಂಜಕ ಜಾಸ್ತಿ ಇರುವ ಗೊಬ್ಬರ, ಅಂದರೆ ಡಿಎಪಿ, ಸೂಪರ್ ಫಾಸ್ಫೇಟ್, ಎಲುಬಿನ ಪುಡಿ ಹತ್ತಿರ ತರಬೇಡಿ, ಅದು ಅಲ್ಯೂಮಿನಿಯಂ ಅನ್ನು ಕಟ್ಟಿಹಾಕುತ್ತದೆ. ಈಗ ಅರಳಿರುವ ಹೂವಿನ ಬಣ್ಣ ಬದಲಾಗುವುದಿಲ್ಲ, ಮುಂದಿನ ವರ್ಷದ್ದು ನೋಡಿ. ಮಣ್ಣಿನ ಹುಳಿ ಎಷ್ಟಿದೆ ಅಂತ ತಿಳಿಯಬೇಕಾದರೆ ಹಾಸನದ ಕಂದಲಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಬಿಳಿ ಹೂವಿನ ಹೈಡ್ರಾಂಜಿಯ ಇರುವವರು ಈ ಯಾವ ಪಾಡೂ ಪಡಬೇಕಿಲ್ಲ, ಅದು ಯಾವ ಮಣ್ಣಿನಲ್ಲೂ ಬಿಳಿಯೇ.

ಪ್ರಶ್ನೆ: ಹೈಡ್ರಾಂಜಿಯ ಅನ್ನುವ ಹೆಸರಿನಲ್ಲೇ ನೀರು ಇದೆಯಂತೆ, ಅದಕ್ಕೆ ಬುಡದಲ್ಲಿ ಯಾವಾಗಲೂ ನೀರು ನಿಂತಿರಬೇಕಾ? ಕತ್ತರಿಸಿದ ಸೊಪ್ಪು ಹಸುವಿಗೆ ಹಾಕಬಹುದಾ?

ಉತ್ತರ: ಹೆಸರು ಗ್ರೀಕ್ ಭಾಷೆಯದು, ನೀರಿನ ಪಾತ್ರೆ ಅಂತ ಅರ್ಥ. ಆದರೆ ಅದು ಬೀಜದ ಕಾಯಿಯ ಆಕಾರ ನೋಡಿ ಇಟ್ಟ ಹೆಸರು, ಕಾಯಿ ಸಣ್ಣ ಹೂಜಿಯ ಹಾಗೆ ಇರುತ್ತದೆ. ಮಣ್ಣು ಹಸಿ ಇರಬೇಕು, ನೀರು ನಿಲ್ಲಬಾರದು.

ಹಸುವಿಗೆ ಖಂಡಿತ ಬೇಡ. ಎಲೆ, ಮೊಗ್ಗಿನಲ್ಲಿ ಹೊಟ್ಟೆಗೆ ಹೋದ ಮೇಲೆ ಸಯನೈಡ್ ಬಿಡುವ ಅಂಶ ಇದೆ. ಮಳೆಗಾಲದಲ್ಲಿ ಸವರಿದ ಸೊಪ್ಪನ್ನು ಬೇಲಿ ಆಚೆ ಎಸೆದರೆ ಮೇಯಲು ಬಂದ ಯಾರದೋ ಕರು ತಿನ್ನಬಹುದು. ಕಾಫಿ ಬುಡದ ಗುಂಡಿಗೆ ಹಾಕಿ ಮೇಲೆ ಮಣ್ಣು ಮುಚ್ಚಿ. ಈಗಾಗಲೇ ತಿಂದು ಜೊಲ್ಲು ಸುರಿಸುವುದು, ಏದುಸಿರು ಬಿಡುವುದು ಕಂಡರೆ ಮನೆ ಮದ್ದು ಅಂತ ಕೂರದೆ ತಕ್ಷಣ ಪಶು ವೈದ್ಯರನ್ನು ಕರೆಸಿ.